ಹದಿನೆಂಟು ಕಿಲೋ

ಅಪ್ಪ ಸತ್ತು ನಾಲ್ಕು ವರ್ಷವಾಗಿತ್ತು. ಅವನ ಮೋಟರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಹದಿನೈದು ಎಚ್‌ಪಿ, ಐವತ್ತೆರಡು ಕಿಲೋ. ದೋಣಿಯ ಹಿಂದಿನ ಹಲಗೆಗೆ ಅದನ್ನು ಸಿಕ್ಕಿಸಿದರೆ ಮುಂದಿನ ಮೂತಿ ಅರ್ಧ ಗೇಣು ಮೇಲೇಳುತ್ತಿತ್ತು. ಹದಿನಾಲ್ಕು ಅಡಿಯ ದೋಣಿಗೆ ಅಷ್ಟು ದೊಡ್ಡದು ಬೇಕೇ ಇರಲಿಲ್ಲ. ಅಪ್ಪ ಅದನ್ನು ಕೊಂಡಿದ್ದು ದಡದಲ್ಲಿ ಕೂತವರು ನೋಡಲಿ ಅಂತ. ಅವರು ನೋಡಿದರು, ಒಂದು ವಾರ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು.

ನಮ್ಮ ದಡದಲ್ಲಿ ಯಾರೂ ಮೋಟರನ್ನು ದೋಣಿಯಲ್ಲೇ ಬಿಟ್ಟು ಹೋಗುವುದಿಲ್ಲ. ಹಿಂದೊಮ್ಮೆ ಒಂದೇ ವಾರದಲ್ಲಿ ಮೂರು ಮೋಟರ್ ಕಳುವಾದ ಮೇಲೆ ಶುರುವಾದ ಪದ್ಧತಿ ಅದು. ಕೆಲಸ ಮುಗಿದ ಕೂಡಲೇ ಬಿಚ್ಚಬೇಕು, ಮೂವತ್ತನಾಲ್ಕು ಮೆಟ್ಟಿಲು ಹತ್ತಿಸಬೇಕು, ಮೇಲಿನ ತಗಡಿನ ಶೆಡ್ಡಿನಲ್ಲಿ ಅಡ್ಡಮರಕ್ಕೆ ನೇತುಹಾಕಿ ಬೀಗ ಜಡಿಯಬೇಕು. ಮರುದಿನ ಮತ್ತೆ ಇಳಿಸಬೇಕು. ಅಪ್ಪನ ಮೋಟರಿಗೆ ಎರಡು ಆಳು ಬೇಕು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಚಿಕ್ಕಪ್ಪ.

ಚಿಕ್ಕಪ್ಪ ಅಪ್ಪನ ತಮ್ಮ. ಹತ್ತಿರದ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ. ಬೆಳಿಗ್ಗೆ ಐದಕ್ಕೆ ಟೀ ಬಿಡುವು ಸಿಕ್ಕಾಗ ಓಡಿ ಬಂದು ಮೋಟರ್ ಇಳಿಸಿಕೊಡುತ್ತಿದ್ದ. ಏಳಕ್ಕೆ ಪಾಳಿ ಮುಗಿಸಿ ಬಂದು ಹತ್ತಿಸಿಕೊಡುತ್ತಿದ್ದ. ಅದಕ್ಕೆ ದಿನಕ್ಕೆ ಎರಡು ಮೀನು. ಅದು ಕೂಲಿಯಲ್ಲ ಅಂತ ಇಬ್ಬರೂ ಹೇಳುತ್ತಿದ್ದರು, ಆದರೆ ಎರಡರ ಬದಲು ಒಂದು ಕೊಟ್ಟ ದಿನ ಅವನ ಮುಖ ಊದಿಕೊಳ್ಳುತ್ತಿತ್ತು.

ತೊಂದರೆ ಏನೆಂದರೆ, ಫ್ಯಾಕ್ಟರಿಗೆ ಲಾರಿ ಬಂದ ದಿನ ಟೀ ಬಿಡುವು ಇಲ್ಲ. ಉಳಿದ ದೋಣಿಯವರು ಮೂರೂವರೆಗೇ ಹೊರಟುಬಿಡುತ್ತಾರೆ, ಅವರದು ದೂರದ ನೀರು. ಐದು ಗಂಟೆಗೆ ದಡದಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಆವತ್ತು ಅಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು ಕಾದು ವಾಪಸ್ ಬರುತ್ತಿದ್ದಳು. ಹಿಂದಿನ ದಿನ ಬಿಟ್ಟ ಬಲೆ ನೀರಲ್ಲೇ ಇರುತ್ತಿತ್ತು.

ಆ ತಿಂಗಳು ಐದು ದಿನ ಹೀಗಾಯಿತು. ಐದನೆಯ ಸಲ ಬಲೆ ಎತ್ತಿದಾಗ ಮೀನಿನ ಹೊಟ್ಟೆಯನ್ನೆಲ್ಲ ಏಡಿಗಳು ತಿಂದಿದ್ದವು. ಮೀನು ಕೊಳ್ಳುವ ವ್ಯಾನಿನವನು ಬುಟ್ಟಿಯೊಳಗೆ ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು, "ಇದನ್ನ ನನಗ್ಯಾಕೆ ತೋರಿಸ್ತೀಯಮ್ಮ, ಡಾಕ್ಟರಿಗೆ ತೋರಿಸು" ಅಂದ.

ಅಮ್ಮ ಬುಟ್ಟಿಯನ್ನು ದಡದಲ್ಲೇ ಕೊಡವಿದಳು. ಕಾಗೆಗಳಿಗೆ ಒಳ್ಳೆಯ ದಿನ. ಮನೆಗೆ ಬಂದು ಕೈ ತೊಳೆಯುತ್ತಾ, "ನನ್ನೊಬ್ಬಳ ಕೈಲಿ ಎತ್ತೋಕಾಗೋ ಮೋಟರ್ ತಗೋತೀನಿ. ಇನ್ನು ಯಾರ ಬಾಗಿಲೂ ಕಾಯಲ್ಲ" ಎಂದಳು.

ಸಂಜೆ ಚಿಕ್ಕಪ್ಪ ಬಂದ. ಸುದ್ದಿ ಅವನಿಗೆ ಮೊದಲೇ ತಲುಪಿತ್ತು.

"ಅಣ್ಣನ ಮೋಟರ್ ಮಾರ್ತೀರಂತೆ ಅತ್ತಿಗೆ?"

"ನಿಮ್ಮಣ್ಣನ್ನ ಮಾರ್ತಿಲ್ಲ ಕಣೋ. ಮೋಟರ್ ಮಾರ್ತಿದೀನಿ."

"ಸಣ್ಣ ಮೋಟರ್ ಅಂದ್ರೆ ಏನು ಗೊತ್ತಾ? ಮಿಕ್ಸಿಗೆ ಫ್ಯಾನ್ ಕಟ್ಟಿ ನೀರಿಗೆ ಬಿಟ್ಟ ಹಾಗೆ. ಗಾಳಿ ಎದ್ರೆ ಮುಂದೆ ಹೋಗಲ್ಲ, ಹಿಂದೆ ಬರುತ್ತೆ."

"ಈಗ ದೋಣಿ ಹೋಗ್ತಾನೇ ಇಲ್ಲವಲ್ಲಪ್ಪ. ಹಿಂದೆ ಬಂದ್ರೂ ಪರವಾಗಿಲ್ಲ, ಅಲ್ಲಾಡುತ್ತೆ ತಾನೆ?"

ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೇ, ಓದಿದೋಳು" ಅಂದ. ನಾನು ಓದಿರುವುದು ಪಶು ಆಹಾರದ ಅಂಗಡಿಯಲ್ಲಿ ತಕ್ಕಡಿ ನೋಡುವಷ್ಟು. ನಾನು ಅಲ್ಲಿ ಮೂಟೆ ತೂಗುವ ಕೆಲಸ ಮಾಡುತ್ತೇನೆ. ಆದ್ದರಿಂದ ಅಮ್ಮ ನನ್ನಿಂದ ಕೇಳಿದ್ದು ಬುದ್ಧಿಮಾತಲ್ಲ, ಖಾಲಿ ಚೀಲ.

"ಹದಿನೈದು, ಇಪ್ಪತ್ತು, ಇಪ್ಪತ್ತೈದು, ಮೂವತ್ತು. ನಾಲ್ಕು ಚೀಲ ಮರಳು ತೂಗಿ ಕೊಡು. ಗುಂಜಿನೂ ಹೆಚ್ಚುಕಡಿಮೆ ಆಗಬಾರದು."

ನಾನು ಅಂಗಡಿಯ ತಕ್ಕಡಿಯಲ್ಲಿ ತೂಗಿ, ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೊಟ್ಟೆ. ಅಮ್ಮ ತಲೆಗೆ ಸಿಂಬಿ ಇಟ್ಟುಕೊಂಡು ಒಂದೊಂದಾಗಿ ಹೊತ್ತು ಮೂವತ್ತನಾಲ್ಕು ಮೆಟ್ಟಿಲು ಇಳಿದಳು, ಹತ್ತಿದಳು. ದಡದಲ್ಲಿ ಬಲೆ ಹೆಣೆಯುತ್ತಾ ಕೂರುವ ಒಬ್ಬ ಮುದುಕನಿದ್ದಾನೆ. ಬಾಯಿ ಬೆಳಿಗ್ಗೆ ಶುರುವಾದರೆ ಸಂಜೆಗೇ ನಿಲ್ಲುವುದು, ಆದ್ದರಿಂದ ಎಲ್ಲರೂ ರೇಡಿಯೋ ಅಂತಲೇ ಕರೆಯುತ್ತಾರೆ.

"ಏನಮ್ಮಾ, ಮರಳು ಕೆಳಗೆ ಒಯ್ತೀಯ, ಮೇಲೆ ತರ್ತೀಯ. ಅಲ್ಲೇ ಇದ್ದಿದ್ರೆ ಅದಕ್ಕೇನು ಕಷ್ಟ ಆಗ್ತಿತ್ತು?" ಎಂದ ರೇಡಿಯೋ.

"ನೀನು ಬಲೆ ಹೆಣಿ ಅಣ್ಣ. ಕಣ್ಣು ತಪ್ಪುತ್ತೆ."

ಮೂವತ್ತು ಕಿಲೋ ಹೊತ್ತು ಮೇಲೆ ಬಂದಾಗಲೂ ಅಮ್ಮನಿಗೆ ಏದುಸಿರು ಬಂದಿರಲಿಲ್ಲ. ಐವತ್ತೆಂಟು ವಯಸ್ಸು. "ಮೂವತ್ತರ ಒಳಗೆ ಯಾವುದಾದ್ರೂ ಸರಿ" ಎಂದು ತೀರ್ಮಾನ ಕೊಟ್ಟಳು. ನಾನೂ ತಲೆ ಆಡಿಸಿದೆ. ತೂಕ ಸರಿಯಾಗಿತ್ತು, ನಾನೇ ತೂಗಿದ್ದೆ. ತಪ್ಪು ಬೇರೆ ಕಡೆ ಇತ್ತು. ಅದು ಇಬ್ಬರಿಗೂ ಕಾಣಲಿಲ್ಲ.

ಭಾನುವಾರ ಮೂವರೂ ಮೋಟರ್ ಅಂಗಡಿಗೆ ಹೋದೆವು. ಚಿಕ್ಕಪ್ಪನನ್ನು ಯಾರೂ ಕರೆದಿರಲಿಲ್ಲ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅಂಗಡಿಯಲ್ಲಿ ಮೋಟರುಗಳನ್ನು ಸಾಲಾಗಿ ನಿಲ್ಲಿಸಿದ್ದರು, ಪ್ರತಿಯೊಂದರ ಕೆಳಗೂ ಎಣ್ಣೆ ಬೀಳದಿರಲಿ ಅಂತ ರಟ್ಟಿನ ತುಂಡು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಚಿಕ್ಕಪ್ಪನನ್ನೇ ಕೇಳಿದ:

"ಓಡಿಸೋದು ಯಾರು ಸಾರ್, ನೀವಾ?"

"ನಾನು" ಅಂದಳು ಅಮ್ಮ.

"ಓ, ಮೇಡಮ್ಮಾ? ಹಿಂದಿನ ಹಲಗೆ ಎಷ್ಟು ಎತ್ತರ ಇದೆ ಅಂತ ಮನೇಲಿ ಯಾರಿಗಾದ್ರೂ ಗೊತ್ತಾ? ಗಿಡ್ಡ ಕಾಲಿನದು ಬೇಕೋ ಉದ್ದ ಕಾಲಿನದು ಬೇಕೋ ನೋಡಬೇಕು. ಕಾಲು ಗಿಡ್ಡ ಆದ್ರೆ ಅದರ ತುದಿಯ ಫ್ಯಾನ್ ನೀರು ಸಿಗದೆ ಗಾಳಿ ತಿರುಗಿಸುತ್ತೆ, ಉದ್ದ ಆದ್ರೆ ಕೆಸರು ಕಲಕುತ್ತೆ."

ಅಮ್ಮ ಪರ್ಸಿನಿಂದ ಒಂದು ದಾರ ತೆಗೆದಳು. ಅದಕ್ಕೆ ಹಲಗೆಯ ಎತ್ತರ ಅಳೆದು ಎರಡು ಗಂಟು ಹಾಕಿತ್ತು. ಅಂಗಡಿಯವನು ಟೇಪು ಹಿಡಿದು ನೋಡಿದ. ಹದಿನೈದು ಇಂಚು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಅಲ್ಲಿಂದ ಮುಂದೆ ಅವನು ಅಮ್ಮನ ಜೊತೆಗೇ ಮಾತಾಡಿದ.

ತೋರಿಸಿದ್ದು ಎಂಟು ಎಚ್‌ಪಿ, ಇಪ್ಪತ್ತೇಳು ಕಿಲೋ. ಚಿಕ್ಕಪ್ಪನಿಗೂ ಸಮಾಧಾನ. "ಎಂಟು ಅಂದ್ರೆ ಮರ್ಯಾದೆ ಉಳಿಯುತ್ತೆ" ಅಂದ. ಅಂಗಡಿಯವನ ಷರತ್ತು ಒಂದೇ: ಮೂರು ದಿನದೊಳಗೆ ತಂದರೆ ಬದಲಾಯಿಸಿ ಕೊಡುತ್ತೇನೆ, ಆದರೆ ಒಂದು ಸಲ ನೀರು ಮುಟ್ಟಿದರೆ ಅದು ನಿಮ್ಮದು.

ಆಟೋದಲ್ಲಿ ಮೋಟರನ್ನು ಮಗುವಿನ ಹಾಗೆ ತೊಡೆಗೆ ಒರಗಿಸಿಕೊಂಡು ದಡಕ್ಕೆ ಬಂದೆವು. ನೀರು ತಾಗದಿರಲೆಂದು ದೋಣಿಯನ್ನು ಪೂರ್ತಿ ಮೇಲಕ್ಕೆ ಎಳೆದು ಮಣ್ಣಿನ ಮೇಲೆ ನಿಲ್ಲಿಸಿದೆವು. ಅಮ್ಮ ಸಿಂಬಿ ಇಟ್ಟುಕೊಂಡು ಬಗ್ಗಿದಳು. ಆಮೇಲೆ ಹಾಗೇ ನಿಂತಳು.

ಮೋಟರನ್ನು ತಲೆಯ ಮೇಲೆ ಇಡುವುದು ಹೇಗೆ? ಮೂಟೆಯಾದರೆ ತಲೆಗೆ ತಕ್ಕ ಹಾಗೆ ಕೂರುತ್ತದೆ. ಇದರ ತಲೆ ಭಾರ, ಕಾಲು ಹಗುರ, ಒಂದು ಕಡೆ ಫ್ಯಾನ್, ಇನ್ನೊಂದು ಕಡೆ ಹಲಗೆಗೆ ಬಿಗಿಯುವ ಎರಡು ತಿರುಪು. ಒಂದು ಸಲ ಇಟ್ಟು ನೋಡಿದಳು. ತಿರುಪು ನೆತ್ತಿಗೆ ಚುಚ್ಚಿತು. "ಅಯ್ಯೋ" ಅಂತ ಇಳಿಸಿದಳು.

"ಕಿರೀಟ ಚೆನ್ನಾಗಿದೆ" ಅಂದ ರೇಡಿಯೋ.

ಅಮ್ಮ ಅದನ್ನು ಎದೆಗೆ ಅವಚಿಕೊಂಡು ಎತ್ತಿದಳು. ನಡೆದಳು. ಅಲ್ಲಿಯವರೆಗೆ ಸರಿ. ದೋಣಿಯೊಳಗೆ ಹತ್ತಿ, ಹಿಂದಿನ ಹಲಗೆಯ ಎದುರು ನಿಂತು, ಮೋಟರನ್ನು ಹಲಗೆಯಿಂದ ಆಚೆಗೆ ಚಾಚಿ, ನಿಧಾನವಾಗಿ ಕೆಳಗಿಳಿಸಿ ಕೂರಿಸಬೇಕು. ಚಾಚುವಾಗ ಎದೆಯ ಆಸರೆ ಇಲ್ಲ. ಇಪ್ಪತ್ತೇಳು ಕಿಲೋ ಪೂರ್ತಿ ಎರಡು ಕೈಯ ತುದಿಯಲ್ಲಿ. ಅಮ್ಮನ ಮೊಣಕೈ ಬಾಗಿತು. ಮೋಟರಿನ ಕಾಲು ಹಲಗೆಗೆ ಬಡಿಯಿತು. ಮೋಟರ್ ಅವಳನ್ನೇ ಮುಂದಕ್ಕೆ ಎಳೆಯತೊಡಗಿತು. ಚಿಕ್ಕಪ್ಪ ಹಾರಿ ಹಿಡಿದುಕೊಂಡ.

ಮೂವರೂ ಸೇರಿ ಅದನ್ನು ಮಣ್ಣಿಗೆ ಇಳಿಸಿದೆವು. ರೇಡಿಯೋ ಬಲೆ ಕೆಳಗಿಟ್ಟು ನೋಡಿದ.

"ನಾನಿಲ್ಲದಿದ್ರೆ?" ಅಂದ ಚಿಕ್ಕಪ್ಪ. ಹಂಗಿಸುವ ಧ್ವನಿಯಲ್ಲಿ ಅಲ್ಲ. ಆದರೆ ಒಂದಿಷ್ಟು ಖುಷಿ ಇತ್ತು, ಅದನ್ನು ಮುಚ್ಚಿಡಲು ಅವನಿಗೆ ಬರಲಿಲ್ಲ.

ಅಮ್ಮ ದೋಣಿಯ ಅಂಚಿನಲ್ಲಿ ಕೂತು ಅಂಗೈ ಉಜ್ಜಿಕೊಂಡಳು. "ನಾನು ತಲೆಗೆ ಮೋಟರ್ ನೋಡಿದೆ. ಕೈಗೆ ನೋಡಬೇಕಿತ್ತು" ಎಂದಳು.

ನಮ್ಮ ಬುದ್ಧಿ ಹೋಗಿದ್ದೇ ಹಾಗೆ. ನಮ್ಮ ದಡದ ಹೆಂಗಸರಿಗೆ ಭಾರ ಅಂದರೆ ತಲೆ. ಬುಟ್ಟಿ, ಕಟ್ಟಿಗೆ, ಬಲೆ, ಕೊಡ, ಎಲ್ಲ ಅಲ್ಲಿಗೇ. ಕೈಗಳು ಅದನ್ನು ಅಲ್ಲಾಡದಂತೆ ಹಿಡಿಯಲು ಮಾತ್ರ. ದಿನಾ ಮೂಟೆ ತೂಗುವ ನನಗೂ ಹೊಳೆಯಲಿಲ್ಲ ಅನ್ನುವುದು ನನ್ನ ತಲೆಗೂ ಒಳ್ಳೆಯ ಹೆಸರು ತರುವ ಮಾತಲ್ಲ.

ಸಂಜೆ ಅಮ್ಮ ಹಿಡಿಕೆ ಗಟ್ಟಿಯಿದ್ದ ಒಂದು ಬಕೆಟ್ ತಂದಳು. ನಾನು ಅಂಗಡಿಯಿಂದ ಚಿಕ್ಕ ತಕ್ಕಡಿ ತಂದೆ. ಈ ಸಲ ದೋಣಿಯಲ್ಲಿ ನಿಂತು, ಮರಳಿನ ಬಕೆಟನ್ನು ಎರಡೂ ಕೈಯಲ್ಲಿ ಹಿಡಿದು, ಹಲಗೆಯಾಚೆ ಚಾಚಿ ಎಣಿಸುವುದು. ಮೋಟರನ್ನು ಹಲಗೆಗೆ ಕೂರಿಸಲು ಹತ್ತು ಎಣಿಸುವಷ್ಟು ಹೊತ್ತು ಸಾಕು ಅಂತ ಅಮ್ಮನ ಲೆಕ್ಕ.

ಇಪ್ಪತ್ತೆರಡು ಕಿಲೋಗೆ ನಾಲ್ಕು ಎಣಿಸುವಷ್ಟರಲ್ಲಿ ಬಕೆಟ್ ಕೆಳಗಿತ್ತು. ಇಪ್ಪತ್ತಕ್ಕೆ ಏಳು. ಹದಿನೆಂಟಕ್ಕೆ ಹನ್ನೊಂದು.

"ಹದಿನೆಂಟು" ಅಂದೆ.

"ತಾಳು. ಈಗ ಕೈ ದಣಿದಿಲ್ಲ. ಬಲೆ ಎಳೆದು ಬಂದ ಮೇಲೂ ಬಿಚ್ಚಬೇಕಲ್ಲ?"

ಮರುದಿನ ಬಲೆ ಎತ್ತಿ ಬಂದು, ಒದ್ದೆ ಸೀರೆಯಲ್ಲೇ ಮತ್ತೆ ಬಕೆಟ್ ಹಿಡಿದಳು. ಹದಿನೆಂಟಕ್ಕೆ ಹತ್ತು, ಹತ್ತನೆಯದು ಹಲ್ಲು ಕಚ್ಚಿಕೊಂಡು. ಅದನ್ನೇ ನಂಬಿದಳು.

ಮಾರಲೆಂದು ಅಪ್ಪನ ಮೋಟರನ್ನೂ ಜೊತೆಗೆ ಒಯ್ದು, ಎಂಟು ಎಚ್‌ಪಿಯನ್ನು ವಾಪಸ್ ಕೊಟ್ಟಾಗ ಅಂಗಡಿಯವನು ಅದರ ಫ್ಯಾನಿನೊಳಗೆ ಬೆರಳಾಡಿಸಿ ನೋಡಿದ. ಒಣಗಿತ್ತು. "ಏನಾಯ್ತು ಮೇಡಂ?"

"ಹದಿನೆಂಟು ಕಿಲೋದ್ದು ಯಾವುದಿದೆ?"

ಮೂಲೆಯಿಂದ ಒಂದನ್ನು ತಂದಿಟ್ಟ. ಮೂರೂವರೆ ಎಚ್‌ಪಿ. ಅಪ್ಪನ ಮೋಟರಿನ ಪಕ್ಕ ಇಟ್ಟರೆ ಅದರ ಮೊಮ್ಮಗುವಿನ ಹಾಗೆ ಕಾಣುತ್ತಿತ್ತು. ಅಂಗಡಿಯವನು ಮಾರುವ ಆತುರದಲ್ಲಿರಲಿಲ್ಲ. "ನೋಡಿ, ಸುಳ್ಳು ಹೇಳಲ್ಲ. ಖಾಲಿ ದೋಣಿ ಆರಾಮಾಗಿ ತಳ್ಳುತ್ತೆ. ಮೀನು ತುಂಬ್ಕೊಂಡು ಗಾಳಿಗೆ ಎದುರು ಬಂದ್ರೆ ಇದಕ್ಕೆ ದಮ್ಮು ಸಾಲಲ್ಲ. ಟ್ಯಾಂಕ್ ಮೋಟರಿನ ತಲೆಯೊಳಗೇ ಇದೆ, ಮುಕ್ಕಾಲು ಗಂಟೆ ಬರುತ್ತೆ. ಮಧ್ಯದಲ್ಲಿ ನಿಲ್ಲಿಸಿ ಪೆಟ್ರೋಲ್ ಹಾಕ್ಕೋಬೇಕು."

"ಹದಿನೆಂಟು ಅನ್ನೋದು ಪೆಟ್ರೋಲ್ ಸೇರಿಸಿಯೋ, ಬಿಟ್ಟೋ?"

ಅವನು ಕನ್ನಡಕ ಸರಿಮಾಡಿಕೊಂಡ. ಇದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. "ಬಿಟ್ಟು. ತುಂಬಿದ್ರೆ ಇನ್ನೊಂದು ಕಿಲೋ."

"ಹಾಗಾದ್ರೆ ಖಾಲಿ ಎತ್ತಿ ಕೂರಿಸಿ, ದೋಣಿಯಲ್ಲಿ ತುಂಬ್ಕೋತೀನಿ. ಬಿಚ್ಚೋ ಮುಂಚೆ ಡಬ್ಬಿಗೆ ಬಗ್ಗಿಸ್ಕೋತೀನಿ."

"ಇನ್ನೂ ಚಿಕ್ಕದೂ ಇದೆ. ಹನ್ನೆರಡು ಕಿಲೋ."

"ಅದು ಆಮೇಲೆ" ಅಂದಳು ಅಮ್ಮ.

ಮನೆಗೆ ಬರುವ ದಾರಿಯಲ್ಲಿ, ಜೊತೆಗೆ ಬಂದಿದ್ದ ಚಿಕ್ಕಪ್ಪ ಕೇಳಿದ್ದು ಒಂದೇ ವಿಷಯ. "ಬಲೆ ಇರೋ ಜಾಗಕ್ಕೆ ಅಣ್ಣನ ಮೋಟರಲ್ಲಿ ಇಪ್ಪತ್ತು ನಿಮಿಷ. ಇದರಲ್ಲಿ?"

"ಮುಕ್ಕಾಲು ಗಂಟೆ. ಅರ್ಧ ಗಂಟೆ ಬೇಗ ಏಳ್ತೀನಿ."

"ವ್ಯಾನು ಏಳೂವರೆಗೆ ಹೊರಡುತ್ತೆ. ಗಾಳಿ ಎದ್ರೆ ಬರೋಕೆ ಒಂದು ಗಂಟೆ ಮೇಲಾಗುತ್ತೆ. ಮೀನಿದ್ದೂ ಮಾರೋಕಾಗಲ್ಲ. ಆಗ?"

ಮೀನು ಕೊಳ್ಳುವವನು ಆ ಒಬ್ಬನೇ. ವ್ಯಾನಿನ ಹೊತ್ತಿಗೆ ಒಬ್ಬಳೇ ಹೋಗಿ ಬರಲು ಆಗದಿದ್ದರೆ ದೋಣಿ ಇಟ್ಟುಕೊಂಡು ಪ್ರಯೋಜನವಿಲ್ಲ, ಬಲೆ ಮಾರಿ ಐಸ್ ಫ್ಯಾಕ್ಟರಿಯಲ್ಲಿ ಮೀನು ಆರಿಸುವ ಕೆಲಸಕ್ಕೆ ಸೇರಬೇಕು. ಅದು ಮೂವರಿಗೂ ಗೊತ್ತಿತ್ತು.

ಮಂಗಳವಾರ ನಾನು ಆರೂವರೆಗೆ ದಡಕ್ಕೆ ಹೋದಾಗ ಶೆಡ್ಡಿನಲ್ಲಿ ನಮ್ಮ ಅಡ್ಡಮರ ಖಾಲಿ ಇತ್ತು. ದೋಣಿಯೂ ಇರಲಿಲ್ಲ. ನೀರು, ಹಾಸಿದ ಬಟ್ಟೆಯ ಹಾಗೆ, ಮಟ್ಟಸವಾಗಿತ್ತು. ಒಳ್ಳೆಯದೇ ಆಯಿತು ಅಂದುಕೊಳ್ಳುವಷ್ಟರಲ್ಲಿ ಸುಕ್ಕು ಬಿದ್ದವು. ದಿನಾ ಎಂಟಕ್ಕೆ ಏಳುವ ಗಾಳಿ ಆವತ್ತು ಏಳಕ್ಕೂ ಮುಂಚೆ ಎದ್ದಿತ್ತು, ನೇರವಾಗಿ ನಮ್ಮ ದಡದಿಂದ ಆ ಕಡೆಗೆ.

ಏಳಕ್ಕೆ ಚಿಕ್ಕಪ್ಪ ಬಂದ. "ಐದಕ್ಕೂ ಬಂದಿದ್ದೆ" ಅಂದ. "ಆಗಲೇ ಹೋಗಿದ್ರು. ಶೆಡ್ಡಿನ ಬೀಗ ಸರಿಯಾಗಿ ಹಾಕಿದಾರಾ ಅಂತ ನೋಡಿ ಹೋದೆ." ಅವನ ದನಿ ಕರೆಯದ ಮದುವೆಯ ಬಗ್ಗೆ ಮಾತಾಡುವವನ ಹಾಗಿತ್ತು.

ಏಳು ಹತ್ತಕ್ಕೆ ವ್ಯಾನು ಬಂತು. ವ್ಯಾನಿನವನು ಬೇರೆ ದೋಣಿಗಳ ಮೀನು ತೂಗಿಸಿ, ಪೆಟ್ಟಿಗೆಗೆ ಐಸ್ ಸುರಿಯತೊಡಗಿದ. ನಾನೂ ಚಿಕ್ಕಪ್ಪನೂ ನೀರಿನ ನಡುಮಧ್ಯವನ್ನೇ ನೋಡುತ್ತಾ ನಿಂತೆವು. ಅಲ್ಲಿ ಬೆಳ್ಳನೆ ನೊರೆ ಬಿಟ್ಟರೆ ಏನೂ ಇಲ್ಲ.

"ಹೇಳಿದ್ನಲ್ಲ" ಅಂದ ಚಿಕ್ಕಪ್ಪ. ಈ ಸಲ ಖುಷಿ ಇರಲಿಲ್ಲ. ಅಂಗಿಯ ಗುಂಡಿಯೊಂದನ್ನು ತಿರುವುತ್ತಾ ನಿಂತಿದ್ದ. "ಯಾರದಾದ್ರೂ ದೋಣಿ ಕೇಳ್ತೀನಿ. ಹೋಗಿ ನೋಡ್ಕೊಂಡು ಬರೋಣ."

"ಅಲ್ಲಿ ಯಾಕೆ ನೋಡ್ತೀರಾ?" ಹಿಂದಿನಿಂದ ರೇಡಿಯೋ ಅಂದ, ಬಲೆಯಿಂದ ತಲೆ ಎತ್ತದೆ. "ನಡುಮಧ್ಯ ಬರೋರು ದೊಡ್ಡ ಮೋಟರಿನೋರು. ದಂಡೆ ನೋಡಿ, ದಂಡೆ."

ದಂಡೆಯ ಹುಲ್ಲಿನ ಮರೆಯಲ್ಲಿ, ಗಾಳಿ ತಾಕದ ಕಡೆ, ದೋಣಿ ಬರುತ್ತಿತ್ತು. ಬರುತ್ತಿತ್ತು ಅಂತ ತಿಳಿಯಲು ಸ್ವಲ್ಪ ಹೊತ್ತು ನೋಡಬೇಕಾಯಿತು. ದಂಡೆಯ ಮೇಲೆ ಒಂದು ನಾಯಿ ನಡೆಯುತ್ತಿತ್ತು. ದೋಣಿಯೂ ನಾಯಿಯೂ ಜೊತೆಜೊತೆಗೆ ಬಂದವು. ನಾಯಿ ಒಂದು ಕಂಬದ ಹತ್ತಿರ ಕಾಲೆತ್ತಿ ನಿಂತಾಗ ಮಾತ್ರ ದೋಣಿ ಮುಂದಾಯಿತು.

"ನಾಯಿ ಗೆಲ್ಲುತ್ತೆ" ಅಂದ ವ್ಯಾನಿನವನು, ಗಡಿಯಾರ ನೋಡಿಕೊಂಡು.

"ಐದು ನಿಮಿಷ ನಿಲ್ಲಣ್ಣ" ಅಂದೆ.

"ಏಳೂವರೆ ಅಂದ್ರೆ ಏಳೂವರೆ. ನನ್ನ ಐಸು ನಿಲ್ಲಲ್ಲ."

ಏಳು ಇಪ್ಪತ್ತಾರಕ್ಕೆ ದೋಣಿಯ ಮೂತಿ ಮಣ್ಣಿಗೆ ತಾಗಿತು. ಅಮ್ಮನ ಮುಖಕ್ಕೆ ಕೆಸರು ಸಿಡಿದಿತ್ತು. ಬುಟ್ಟಿ ತುಂಬಿತ್ತು. ಚಿಕ್ಕಪ್ಪ ಮೊಣಕಾಲು ನೀರಿಗೆ ಇಳಿದು ಸೀದಾ ದೋಣಿಯ ಹಿಂದಕ್ಕೆ ಹೋಗಿ ಮೋಟರಿಗೆ ಕೈ ಹಾಕಿದ. ಇಷ್ಟು ವರ್ಷ ಅವನ ಕೈ ಹೋಗಿದ್ದೇ ಅಲ್ಲಿಗೆ.

"ಅದನ್ನ ಮುಟ್ಟಬೇಡ" ಅಂದಳು ಅಮ್ಮ. "ಬುಟ್ಟಿ ತಗೋ. ಓಡು."

ಅವನು ಒಂದು ಕ್ಷಣ ಅವಳನ್ನು ನೋಡಿದ. ವ್ಯಾನಿನವನು ಎಂಜಿನ್ ಚಾಲೂ ಮಾಡಿದ ಸದ್ದು ಮೇಲಿನಿಂದ ಕೇಳಿತು. ಚಿಕ್ಕಪ್ಪ ಬುಟ್ಟಿಯನ್ನು ಎತ್ತಿ ತಲೆಗಿಟ್ಟುಕೊಂಡು ಮೆಟ್ಟಿಲು ಹತ್ತಿದ. ಅಂಗಿಯ ಬೆನ್ನಿನ ಮೇಲೆ ಮೀನಿನ ನೀರು ಗೆರೆಗೆರೆಯಾಗಿ ಇಳಿಯಿತು. ಇಪ್ಪತ್ತನೆಯ ಮೆಟ್ಟಿಲಲ್ಲಿ ಉಸಿರು ಬಿಡಲು ನಿಂತ. ನಾನು ಹಿಂದಿನಿಂದ ಬುಟ್ಟಿಗೆ ಕೈ ಕೊಟ್ಟೆ.

ವ್ಯಾನಿನ ತಕ್ಕಡಿ ಮೂವತ್ತೊಂದು ತೋರಿಸಿತು. ವ್ಯಾನಿನವನು ಒಂದು ಮೀನಿನ ಕಿವಿರು ಬಿಡಿಸಿ ನೋಡಿದ. ಕೆಂಪಗಿತ್ತು. ಪೆಟ್ಟಿಗೆಗೆ ಸುರಿಯತೊಡಗಿದ.

"ಎಷ್ಟಾಯ್ತು?" ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಕೇಳಿದ.

"ಮೂವತ್ತೊಂದು."

"ಮೋಟರು?"

"ಹದಿನೆಂಟು."

ಅವನು ಕೆಳಗೆ ನೋಡಿದ. ಅಮ್ಮ ಪೆಟ್ರೋಲನ್ನು ಡಬ್ಬಿಗೆ ಬಗ್ಗಿಸಿಯಾಗಿತ್ತು. ತಿರುಪು ಸಡಿಲಿಸಿ, ಎರಡೂ ಕೈಯಿಂದ ಮೋಟರನ್ನು ಹಲಗೆಯಿಂದ ಮೇಲೆತ್ತಿ, ಒಳಗೆ ಎಳೆದುಕೊಂಡಳು. ಎತ್ತುವಾಗ ತುಟಿ ಅಲ್ಲಾಡುತ್ತಿದ್ದುದು ಅಲ್ಲಿಂದಲೂ ಕಾಣುತ್ತಿತ್ತು. ಎಣಿಸುತ್ತಿದ್ದಳು. ಆಮೇಲೆ ಅದನ್ನು ಸೊಂಟಕ್ಕೆ ಒರಗಿಸಿಕೊಂಡು, ಆಟ ಮುಗಿದು ಮನೆಗೆ ಬರಲೊಲ್ಲದ ಮಗುವನ್ನು ಎತ್ತಿ ತರುವ ಹಾಗೆ ಮೆಟ್ಟಿಲು ಹತ್ತಿದಳು. ಎರಡು ಕಡೆ ನಿಂತಳು. ಯಾರೂ ಕೆಳಗೆ ಹೋಗಲಿಲ್ಲ.

ಶೆಡ್ಡಿನಲ್ಲಿ ಮೋಟರನ್ನು ನೇತುಹಾಕಿ ಹೊರಗೆ ಬಂದು, ವ್ಯಾನಿನವನ ಪೆಟ್ಟಿಗೆಯಿಂದ ಎರಡು ಮೀನು ಎತ್ತಿ ಚಿಕ್ಕಪ್ಪನ ಕೈಗಿಟ್ಟಳು.

"ಯಾಕೆ? ಮೋಟರ್ ನೀವೇ ಎತ್ತಿದ್ರಲ್ಲ."

"ಬುಟ್ಟಿ ಯಾರು ಹೊತ್ತರು, ರೇಡಿಯೋನಾ?"

"ದಿನಾ ನಾನೇ ಹೊರಬೇಕಾ ಅತ್ತಿಗೆ?"

"ನೀನು ಬಂದ ದಿನ ನೀನು. ಬರದಿದ್ದ ದಿನ ನಾನು ಎರಡು ಸಲ ಇಳಿದು ಹತ್ತುತ್ತೀನಿ. ಬುಟ್ಟಿ ತಲೆಗೆ ಬರುತ್ತೆ."

ಚಿಕ್ಕಪ್ಪ ಮೀನುಗಳನ್ನು ಕೈಯಲ್ಲೇ ತೂಗಿ ನೋಡಿದ. ದೊಡ್ಡವನ್ನೇ ಕೊಟ್ಟಿದ್ದಳು. "ಅಣ್ಣ ಇದ್ದಿದ್ರೆ ಆ ಮೋಟರ್ ನೋಡಿ ನಗ್ತಿದ್ದ" ಅಂದ.

"ನಗ್ತಿದ್ದ" ಅಂದಳು ಅಮ್ಮ. "ನಕ್ಕು ಮುಗಿಸಿ ಎತ್ತಿಕೊಡು ಅಂತ ನಿನ್ನ ಕರೀತಿದ್ದ."

ಇದಾಗಿ ಎರಡು ವರ್ಷವಾಯಿತು. ಹದಿನೆಂಟು ಕಿಲೋ ಮರಳಿನ ಬಕೆಟ್ ಈಗಲೂ ಶೆಡ್ಡಿನ ಮೂಲೆಯಲ್ಲಿದೆ. ಮಳೆಯಲ್ಲಿ ಒದ್ದೆಯಾಗಿ ತೂಕ ಕೆಡಬಾರದೆಂದು ಅಮ್ಮ ಅದಕ್ಕೆ ಮುಚ್ಚಳ ಹಾಕಿಸಿದ್ದಾಳೆ. ತಿಂಗಳಿಗೊಮ್ಮೆ, ಬಲೆ ಎತ್ತಿ ಬಂದ ಮೇಲೆ, ಅದನ್ನು ಕೆಳಗೆ ಒಯ್ದು ಹಲಗೆಯಾಚೆ ಚಾಚಿ ಎಣಿಸುತ್ತಾಳೆ. ಮೊನ್ನೆ ಒಂಬತ್ತಕ್ಕೆ ಇಳಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದಳು. ಒಂಬತ್ತೇ.

ಕೈ ಒರೆಸಿಕೊಂಡು ನನ್ನನ್ನು ಕೇಳಿದಳು: "ಆ ಹನ್ನೆರಡು ಕಿಲೋದ್ದು ಇನ್ನೂ ಇದೆಯಾ ಅಂತ ಅಂಗಡಿಯವನನ್ನ ಕೇಳ್ಕೊಂಡು ಬಾ. ಎಷ್ಟು ಬೇಗ ಏಳಬೇಕಾಗುತ್ತೆ ಅಂತಾನೂ ಕೇಳು."